ನಾದಿರಾಳ ವಯಸ್ಸೆಷ್ಟು?

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದು ನಾಲ್ಕು ದಶಕಗಳು ಮೀರಿದವು. ಲೇಖಕಿ 2023ರಲ್ಲಿ ನಮ್ಮನ್ನಗಲಿದರು. ಈ ಕೃತಿಯ ಸುತ್ತ ನಡೆದ ವಾದ ಬಹುಪಾಲು ತಲಾಖಿನದು. ಶರೀಅತ್ತನ್ನು ಲೇಖಕಿ ಸರಿಯಾಗಿ ಹೇಳಿದರೋ ಇಲ್ಲವೋ ಎಂಬ ಜಗಳದ ನಡುವೆ ಒಂದು ಸಣ್ಣ ಪ್ರಶ್ನೆ ಹಿಂದೆ ಸರಿಯಿತು: ನಾದಿರಾ ತಾಯಿಯಾದಾಗ ಅವಳ ವಯಸ್ಸೆಷ್ಟು?

ನಾದಿರಾ ಹದಿಹರೆಯದಲ್ಲೇ ಮದುವೆಯಾದವಳು. ಅವಳ ತಾಯಿ ಫಾತಿಮ್ಮಾ ಕೂಡ ಎಳೆಯ ವಯಸ್ಸಿನಲ್ಲಿ, ತನಗಿಂತ ಬಹಳ ಹಿರಿಯನಾದ ಮಹಮ್ಮದ್ ಖಾನನ ಮನೆ ಸೇರಿದವಳು. ತಾಯಿಯ ಬದುಕು ಮಗಳಲ್ಲಿ ಮರುಕಳಿಸುವುದೇ ಕಾದಂಬರಿಯ ನಿಜವಾದ ದುರಂತವೆಂದು ನಮಗೆ ತೋರುತ್ತದೆ. ತಲಾಖ್ ಬಂದದ್ದು ಆಮೇಲೆ.

ಇದು ಹಳೆಯ ಕಾಸರಗೋಡಿನ ಕಥೆಯಾಯಿತೆನ್ನುವವರು ಆನೇಕಲ್ ಕಡೆ ನೋಡಬೇಕು. ಜಿಗಣಿ, ಬೊಮ್ಮಸಂದ್ರ, ಅತ್ತಿಬೆಲೆಯ ಕಾರ್ಖಾನೆಗಳನ್ನು ನಂಬಿ ಬಂದ ಕುಟುಂಬಗಳಲ್ಲಿ ಗಂಡ ಶಿಫ್ಟಿಗೆ ಹೋದರೆ ಬಾಣಂತಿಯ ಜೊತೆಗೆ ಅಜ್ಜಿಯೂ ಇಲ್ಲ, ಚಿಕ್ಕಮ್ಮನೂ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಶೇ. 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಇದು ಯಾವುದೋ ಒಂದು ಮತದವರ ಲೆಕ್ಕವಲ್ಲ.

ಇನ್ನೂ ಬೆಳೆಯುತ್ತಿರುವ ದೇಹ ಇನ್ನೊಂದು ದೇಹವನ್ನು ಹೊರುವುದು ಸುಲಭದ ಮಾತಲ್ಲ. ರಕ್ತಹೀನತೆ, ರಕ್ತದೊತ್ತಡ ಏರಿ ಸೆಳವು ಬರುವ ಎಕ್ಲಾಂಪ್ಸಿಯಾ, ಹೆರಿಗೆಯ ನಂತರದ ಸೋಂಕು ಇವೆಲ್ಲ ಎಳೆಯ ತಾಯಂದಿರನ್ನು ಕಾಡುವ ಅಪಾಯಗಳು. ಮಗು ದಿನ ತುಂಬುವ ಮೊದಲೇ, ಕಡಿಮೆ ತೂಕದಲ್ಲಿ ಹುಟ್ಟುವ ಭಯವೂ ಹೆಚ್ಚು. ಕರ್ನಾಟಕದ ತಿದ್ದುಪಡಿ ಕಾಯ್ದೆ ಬಾಲ್ಯವಿವಾಹವನ್ನೇ ಅಸಿಂಧುಗೊಳಿಸಿದೆ. 18ರೊಳಗಿನ ಬಸುರಿ ಆಸ್ಪತ್ರೆಗೆ ಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಕಾನೂನು ಬೇಕೇ ಬೇಕು. ಆದರೆ ಮದುವೆ ಮಾಡಿಸಿದ ಹಿರಿಯರು ಕೇಸಿಗೆ ಹೆದರಿ ವಯಸ್ಸು ಮುಚ್ಚಿಟ್ಟರೆ ತಪಾಸಣೆ ತಪ್ಪುವುದು ಹುಡುಗಿಗೆ.

ಮನಸ್ಸಿನ ಮಾತಂತೂ ದೂರ. ಚಿಲ್ಲಾದ ನಲವತ್ತು ದಿನಗಳಲ್ಲಿ ಬಾಣಂತಿ ಸುಮ್ಮನೆ ಅತ್ತರೆ ನಜರ್ ಎನ್ನುತ್ತೇವೆ, ತಾಯತ ಕಟ್ಟುತ್ತೇವೆ. ಕೊಳಕ್ಕೆ ನಡೆದ ನಾದಿರಾಳನ್ನು ವಿಮರ್ಶೆ ಪ್ರತಿಭಟನೆಯ ಸಂಕೇತವನ್ನಾಗಿಸಿತು. ಆ ಪ್ರತಿಭಟನೆಯನ್ನು ಕಾಯಿಲೆಯೆಂದು ತೆಳುಗೊಳಿಸುವುದು ನಮ್ಮ ಉದ್ದೇಶವಲ್ಲ. ಆದರೆ ಮಗುವಿನಿಂದ ದೂರವಾದ ಎಳೆಯ ತಾಯಿಯೊಬ್ಬಳ ಬೇಗುದಿ ಆ ಸಂಕೇತದಡಿ ಮರೆಯಾಗಬಾರದು.

ಆನೇಕಲ್‌ನಿಂದ ಹೊಸೂರು ರಸ್ತೆ ಹಿಡಿದು ಬೆಂಗಳೂರಿಗೆ ಹೋದರೆ ನಿಮ್ಹಾನ್ಸ್ ಸಿಗುತ್ತದೆ. ಮನೋವ್ಯಥೆಗೊಳಗಾದ ಬಾಣಂತಿಯನ್ನು ಮಗುವಿನೊಂದಿಗೇ ಸೇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ ಅಲ್ಲಿ 2009ರಿಂದ ಇದೆ. ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೂ ಸಲಹೆ ದೊರೆಯುತ್ತದೆ. ನಾದಿರಾಳ ಮನೆಯವರು ತಾಯಿ ಮಗುವನ್ನು ಅಗಲಿಸಿದರು. ಅಗಲಿಸದಿರುವುದೇ ಇಲ್ಲಿ ಮದ್ದಿನ ಭಾಗ.

ಈ ಕಾದಂಬರಿ ಓದಿ ಕಣ್ಣೀರಿಟ್ಟವರು ಬಹಳ. ಮುಂದಿನ ನಿಕಾಹಿನ ಮಾತುಕತೆಯಲ್ಲಿ, ಮಹರ್ ಎಷ್ಟೆಂದು ಕೇಳುವ ಮೊದಲು ಹುಡುಗಿಯ ವಯಸ್ಸೆಷ್ಟೆಂದು ಕೇಳುವವರು ಅವರಲ್ಲಿ ಎಷ್ಟು ಮಂದಿ?