ಹತ್ತು ಸಾವಿರದ ಉಳಿತಾಯ ಯಾರದ್ದು?

"ಡಿಸ್ಕ್ ಹಾಕೋ ಮಾಡೆಲ್ ಯಾಕೆ ಸಾರ್, ಈಗೆಲ್ಲ ಡೌನ್‌ಲೋಡೇ. ಡಿಜಿಟಲ್ ತಗೊಳ್ಳಿ, ಹತ್ತು ಸಾವಿರ ಉಳಿಯುತ್ತೆ." ಮಕ್ಕಳಿಗೆ ಗೇಮ್ ಕನ್ಸೋಲ್ ಕೊಡಿಸಲು ಹೊರಟ ಅಪ್ಪ ಅಮ್ಮಂದಿರಿಗೆ ಅಂಗಡಿಯಲ್ಲೂ ಆಫೀಸಿನ ಗೆಳೆಯರಿಂದಲೂ ಸಿಗುತ್ತ ಬಂದ ಸಲಹೆ ಇದೇ. ಹೇಳುವವರಲ್ಲಿ ಕೆಟ್ಟ ಉದ್ದೇಶವಿಲ್ಲ. ಡಿಸ್ಕ್ ಎಂಬುದು ಹಳೇ ಕಾಲದ್ದು, ಕಪಾಟಿನಲ್ಲಿ ಜೋಡಿಸಿಟ್ಟು ಖುಷಿಪಡುವವರ ಶೋಕಿ, ಕೈಯಲ್ಲಿ ದುಡ್ಡು ಕಡಿಮೆ ಇದ್ದವರಿಗೆ ಡಿಸ್ಕ್ ಇಲ್ಲದ ಕನ್ಸೋಲೇ ಸರಿ ಎಂದು ಅವರು ನಿಜವಾಗಿ ನಂಬಿದ್ದಾರೆ. ನನ್ನ ವಾದ ಇದಕ್ಕೆ ಪೂರ್ತಿ ವಿರುದ್ಧ. ದುಡ್ಡು ಕಡಿಮೆ ಇರುವವರೇ ಡಿಸ್ಕ್ ಇಲ್ಲದ ಕನ್ಸೋಲನ್ನು ಕೊಳ್ಳಬಾರದು. ಉಳ್ಳವರು ಯಾವುದನ್ನು ಕೊಂಡರೂ ನಡೆಯುತ್ತದೆ.

ಮೊದಲು ಆ ಹತ್ತು ಸಾವಿರವನ್ನೇ ನೋಡೋಣ. ಸೋನಿಯ ಪ್ಲೇಸ್ಟೇಷನ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿಯಲ್ಲಿ. ಡಿಸ್ಕ್ ಇದ್ದ ಮಾದರಿಗೆ 49,990 ರೂಪಾಯಿ, ಡಿಸ್ಕ್ ಇಲ್ಲದ ಡಿಜಿಟಲ್ ಮಾದರಿಗೆ 39,990. 2022ರ ನವೆಂಬರಿನಲ್ಲಿ ಎರಡೂ ಐದೈದು ಸಾವಿರ ಏರಿದವು, ನಡುವಿನ ಅಂತರ ಹಾಗೇ ಉಳಿಯಿತು. ಅದೇ ಯಂತ್ರಕ್ಕೆ ಸೋನಿ ತಾನೇ ಹೊರತರುವ ದೊಡ್ಡ ಗೇಮಿನ ಬೆಲೆ 4,999. ಡಿಸ್ಕ್ ಕೊಂಡ ಹುಡುಗನೊಬ್ಬ ತಿಂಗಳೊಪ್ಪತ್ತಿನಲ್ಲಿ ಆಟ ಮುಗಿಸಿ ಅದನ್ನು ಮೂರು ಸಾವಿರಕ್ಕೆ ಮಾರಿದ ಎಂದಿಟ್ಟುಕೊಳ್ಳಿ. ಆ ಆಟ ಅವನಿಗೆ ಬಿದ್ದದ್ದು ಎರಡು ಸಾವಿರಕ್ಕೆ. ಡಿಜಿಟಲ್ ಕೊಂಡವನಿಗೆ ಅದೇ ಆಟಕ್ಕೆ ಐದು ಸಾವಿರ ಹೋಯಿತು, ಹೋದದ್ದು ಹೋಯಿತು. ಆಟವೊಂದಕ್ಕೆ ಮೂರು ಸಾವಿರದ ವ್ಯತ್ಯಾಸ. ನಾಲ್ಕನೇ ಆಟಕ್ಕೆ ಬರುವಷ್ಟರಲ್ಲಿ ಉಳಿಸಿದ ಹತ್ತು ಸಾವಿರ ಕರಗಿ ಮೇಲೆ ಇನ್ನೆರಡು ಸಾವಿರ ಕೈಬಿಟ್ಟಿರುತ್ತದೆ. ಒಂದು ಕನ್ಸೋಲ್ ಏಳೆಂಟು ವರ್ಷ ಮನೆಯಲ್ಲಿರುತ್ತದೆ ಎಂಬುದನ್ನು ನೆನಪಿಡಿ.

ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಮೂರು ಸಾವಿರಕ್ಕೆ ಕೊಂಡ ಎರಡನೆಯವನು ಆಡಿ, ಎರಡು ಸಾವಿರದ ಇನ್ನೂರಕ್ಕೆ ಮೂರನೆಯವನಿಗೆ ದಾಟಿಸುತ್ತಾನೆ. ಐದು ಸಾವಿರದ ಆಟವನ್ನು ಅವನು ಎಂಟುನೂರು ರೂಪಾಯಿಗೆ ಆಡಿ ಮುಗಿಸಿದ. ಹೊಸ ಡಿಸ್ಕನ್ನು ಮೊದಲ ದಿನವೇ ಕೊಳ್ಳಲಾಗದ ಹುಡುಗನಿಗೆ ಇರುವ ದಾರಿ ಇದೊಂದೇ. ಕಂಪನಿ ಕೊಡುವ ರಿಯಾಯಿತಿ ಇದಲ್ಲ; ಜನ ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಂಡು ಹುಟ್ಟಿಸಿದ ರಿಯಾಯಿತಿ. ಡಿಸ್ಕಿನ ಕಿಂಡಿ ಮುಚ್ಚಿದರೆ ಮೊದಲು ಸಾಯುವುದು ಇದೇ.

ಇದು ನಮಗೆ ಹೊಸ ವಿಷಯವೇನೂ ಅಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪಠ್ಯಪುಸ್ತಕ ಕೊಂಡು, ಪರೀಕ್ಷೆ ಮುಗಿದ ಮೇಲೆ ಅಲ್ಲೇ ಮಾರಿ, ಆ ದುಡ್ಡಿಗೆ ಮುಂದಿನ ಸೆಮಿಸ್ಟರಿನ ಪುಸ್ತಕ ಕೊಂಡು ಎಂಜಿನಿಯರ್ ಆದವರು ಎಷ್ಟೋ ಮಂದಿ. ಕನ್ನಡದ ಕಾದಂಬರಿಗಳು ಮನೆಮನೆ ಮುಟ್ಟಿದ್ದೂ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಮೂಲಕ. ರಟ್ಟು ಸವೆದ ಒಂದೇ ಪ್ರತಿಯನ್ನು ಒಂದಿಡೀ ಬಡಾವಣೆ ಓದುತ್ತಿತ್ತು. ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದ ವಿಡಿಯೊ ಗೇಮುಗಳದ್ದೂ ಇದೇ ಕಥೆ. ಬೀದಿಯಲ್ಲಿ ಒಬ್ಬನ ಹತ್ತಿರ ಮಾರಿಯೊ ಕ್ಯಾಸೆಟ್, ಇನ್ನೊಬ್ಬನ ಹತ್ತಿರ ಕಾಂಟ್ರಾ. ಶನಿವಾರ ಸಂಜೆ ಅದಲು ಬದಲು. ನಾಲ್ಕು ಮನೆಯವರು ಒಂದೊಂದು ಕೊಂಡರೆ ನಾಲ್ಕೂ ಮನೆಗೆ ನಾಲ್ಕು ಆಟ.

ನನ್ನ ತಂಗಿಯ ಮಗ ಪಿಯುಸಿ ಓದುವ ಹುಡುಗ. ಮನೆಯಲ್ಲಿರುವುದು ಡಿಸ್ಕ್ ಕಿಂಡಿ ಇಲ್ಲದ ಕನ್ಸೋಲ್. ಕಳೆದ ದಸರಾ ರಜೆಯಲ್ಲಿ ಅವನ ಗೆಳೆಯ ಬಂದು, ಇವನು ಆಗಲೇ ಮುಗಿಸಿದ್ದ ಆಟವೊಂದನ್ನು ಎರಡು ವಾರಕ್ಕೆ ಕೇಳಿದ. ಇವನಿಗೂ ಕೊಡುವ ಮನಸ್ಸೇ. ಕೊಡುವುದು ಹೇಗೆ? "ಕೊಡಬೇಕಂದ್ರೆ ಅಕೌಂಟೇ ಕೊಡಬೇಕು ಮಾಮ, ಅದರಲ್ಲಿ ಅಮ್ಮನ ಕಾರ್ಡಿದೆ" ಅಂದ. ಆ ಗೆಳೆಯ ಸುಮ್ಮನೆ ತಲೆಯಾಡಿಸಿದ. ಅವನ ಮನೆಯಲ್ಲಿ ಐದು ಸಾವಿರದ ಆಟವನ್ನು ಮಗನಿಗೆ ಕೊಡಿಸುವಂತಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಒಬ್ಬ ಹುಡುಗ ಇನ್ನೊಬ್ಬನಿಗೆ ತನ್ನ ವಸ್ತುವನ್ನು ಕೊಡುವ ಸಣ್ಣ ಕೆಲಸ, ಪಾಸ್‌ವರ್ಡು ಮತ್ತು ಬ್ಯಾಂಕ್ ಕಾರ್ಡಿನ ಅಪಾಯವಾಗಿ ಬದಲಾದದ್ದನ್ನು ನಾನು ಅಲ್ಲಿ ಕಣ್ಣಾರೆ ಕಂಡೆ. ಡಿಸ್ಕಿನ ಬಗ್ಗೆ ನಾನು ಯೋಚಿಸತೊಡಗಿದ್ದೇ ಅಂದಿನಿಂದ.

ಕೊಡಲಾಗದ, ಮಾರಲಾಗದ ಆಟ ಆಟಗಾರರಿಗೆ ಬೇಕಿರಲಿಲ್ಲ ಎಂಬುದಕ್ಕೆ ಸಾಕ್ಷ್ಯ ಕಣ್ಣ ಮುಂದೆಯೇ ಇದೆ. 2013ರಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ಕನ್ಸೋಲನ್ನು ಪ್ರಕಟಿಸಿದಾಗ ಜತೆಗೆ ಎರಡು ಷರತ್ತು ಇಟ್ಟಿತ್ತು. ಯಂತ್ರ 24 ಗಂಟೆಗೊಮ್ಮೆ ಇಂಟರ್ನೆಟ್ಟಿಗೆ ಸೇರಿ ಹಾಜರಿ ಹಾಕಬೇಕು. ಡಿಸ್ಕ್ ಕೊಂಡರೂ ಅದನ್ನು ಮಾರುವ, ಎರವಲು ಕೊಡುವ ಸ್ವಾತಂತ್ರ್ಯ ಮೊದಲಿನಂತೆ ಇರುವುದಿಲ್ಲ. ಇಂಟರ್ನೆಟ್ ಇಲ್ಲದವರ ಪಾಡೇನು ಎಂಬ ಪ್ರಶ್ನೆಗೆ ಎಕ್ಸ್‌ಬಾಕ್ಸ್ ವಿಭಾಗದ ಆಗಿನ ಮುಖ್ಯಸ್ಥ ಡಾನ್ ಮ್ಯಾಟ್ರಿಕ್, ಅಂಥವರಿಗೆ ಹಳೆಯ ಎಕ್ಸ್‌ಬಾಕ್ಸ್ 360 ಇದೆಯಲ್ಲ ಎಂಬರ್ಥದ ಉತ್ತರ ಕೊಟ್ಟರು. ಆಟಗಾರರು ಸಿಡಿದೆದ್ದರು. ಅದೇ ವರ್ಷದ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಇ3 ಮೇಳದಲ್ಲಿ ಸೋನಿ ಅರ್ಧ ನಿಮಿಷವೂ ಇಲ್ಲದ ಒಂದು ವಿಡಿಯೊ ಬಿಟ್ಟಿತು. ಪ್ಲೇಸ್ಟೇಷನ್ 4ರಲ್ಲಿ ಗೇಮ್ ಹಂಚಿಕೊಳ್ಳುವುದು ಹೇಗೆ ಎಂಬ ಪಾಠ. ಸೋನಿಯ ಶುಹೆಯ್ ಯೋಶಿಡಾ ಡಿಸ್ಕಿನ ಡಬ್ಬಿಯನ್ನು ಪಕ್ಕದಲ್ಲಿದ್ದ ಆಡಮ್ ಬಾಯ್ಸ್ ಕೈಗೆ ಕೊಡುತ್ತಾರೆ, ಆತ ಥ್ಯಾಂಕ್ಸ್ ಹೇಳುತ್ತಾರೆ. ಪಾಠ ಮುಗಿಯಿತು. ಜೂನ್ 19ರಂದು ಮೈಕ್ರೋಸಾಫ್ಟ್ ಎರಡೂ ಷರತ್ತುಗಳನ್ನು ಹಿಂತೆಗೆದುಕೊಂಡಿತು. ಆ ತಲೆಮಾರಿನಲ್ಲಿ ಪ್ಲೇಸ್ಟೇಷನ್ 4 ಹನ್ನೊಂದು ಕೋಟಿಗೂ ಹೆಚ್ಚು ಮಾರಾಟವಾಯಿತು; ಎಕ್ಸ್‌ಬಾಕ್ಸ್ ಒನ್ ಅದರ ಅರ್ಧವನ್ನೂ ಮುಟ್ಟಲಿಲ್ಲ. ಸೋನಿಯ ಯಂತ್ರ ನೂರು ಡಾಲರ್ ಅಗ್ಗವಿತ್ತೆಂಬುದೂ ಇದಕ್ಕೆ ಕಾರಣ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ವಿಡಿಯೊ ಜನರ ಮನಸ್ಸಿನಲ್ಲಿ ನಿಂತದ್ದು ಬೆಲೆಯ ಕಾರಣಕ್ಕಲ್ಲ.

ಏಳು ವರ್ಷ ಕಳೆದು 2020ರಲ್ಲಿ ಅದೇ ಸೋನಿ ಡಿಸ್ಕ್ ಇಲ್ಲದ ಪ್ಲೇಸ್ಟೇಷನ್ 5 ತಂದಿತು. ಮೈಕ್ರೋಸಾಫ್ಟ್‌ನ ಅಗ್ಗದ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಕೂಡ ಡಿಸ್ಕ್ ಇಲ್ಲದ್ದೇ. ಭಾರತದಲ್ಲಿ ಅದರ ಆರಂಭದ ಬೆಲೆ 34,990. ಈ ಯಂತ್ರಗಳನ್ನಿಟ್ಟುಕೊಂಡು ಆ ಹಳೆಯ ವಿಡಿಯೊ ಮಾಡಲು ಹೋದರೆ ಯೋಶಿಡಾ ಕೈಯಲ್ಲಿ ಕೊಡಲು ಏನೂ ಇರುವುದಿಲ್ಲ. 2013ರಲ್ಲಿ ಷರತ್ತು ಹಾಕಿ ಪಡೆಯಲಾಗದ್ದನ್ನು 2020ರಲ್ಲಿ ರಿಯಾಯಿತಿ ತೋರಿಸಿ ಪಡೆದರು. 2024ರ ಪ್ಲೇಸ್ಟೇಷನ್ 5 ಪ್ರೊ ಬರುವಾಗ ಆ ರಿಯಾಯಿತಿಯೂ ಇರಲಿಲ್ಲ. ಅಮೆರಿಕದಲ್ಲಿ ಸುಮಾರು 700 ಡಾಲರ್ ಬೆಲೆಯ ಯಂತ್ರ, ಡಿಸ್ಕ್ ಡ್ರೈವ್ ಇಲ್ಲ. ಬೇಕಾದವರು ಇನ್ನೂ 80 ಡಾಲರ್ ತೆತ್ತು ಬೇರೆ ತಂದು ಸಿಕ್ಕಿಸಿಕೊಳ್ಳಬೇಕು. ಸಿಕ್ಕಿಸಿದ ಡ್ರೈವ್ ಕೆಲಸ ಶುರು ಮಾಡಲೂ ಒಮ್ಮೆ ಇಂಟರ್ನೆಟ್ ಮೂಲಕ ನೋಂದಣಿ ಆಗಬೇಕು.

ಡಿಜಿಟಲ್ ಆದರೆ ಬೆಲೆ ಇಳಿಯುತ್ತದೆ ಎಂದು ಹೇಳುತ್ತಿದ್ದರು. ಡಿಸ್ಕ್ ಒತ್ತುವ ಖರ್ಚಿಲ್ಲ, ಡಬ್ಬಿಯಿಲ್ಲ, ಲಾರಿ ಬಾಡಿಗೆಯಿಲ್ಲ, ಅಂಗಡಿಯವನ ಕಮಿಷನ್ನಿಲ್ಲ. ಆದರೂ ಹೊಸ ಆಟ ಡಿಜಿಟಲ್ಲಿನಲ್ಲೂ 4,999ಕ್ಕೇ ಬರುತ್ತದೆ. ಯಂತ್ರಗಳ ಬೆಲೆಯಂತೂ ತಿರುಗುಮುರುಗಾಗಿದೆ. ಪ್ಲೇಸ್ಟೇಷನ್ 2 ಅಮೆರಿಕದಲ್ಲಿ 2000ದಲ್ಲಿ 299 ಡಾಲರಿಗೆ ಶುರುವಾಗಿ, 2002ರಲ್ಲಿ 199ಕ್ಕೆ, 2009ರಲ್ಲಿ 99ಕ್ಕೆ ಇಳಿದಿತ್ತು. ಪ್ಲೇಸ್ಟೇಷನ್ 5ರ ಡಿಜಿಟಲ್ ಮಾದರಿ ಅಲ್ಲಿ 399 ಡಾಲರಿಗೆ ಬಂದು, ಸುಮಾರು ಐದು ವರ್ಷ ಹಳೆಯದಾದ ಮೇಲೆ 2025ರ ಆಗಸ್ಟಿನಲ್ಲಿ 499 ಮುಟ್ಟಿತು. ಚಿಪ್ಪಿನ ಬೆಲೆ, ಸುಂಕ, ಹಣದುಬ್ಬರ ಎಲ್ಲವೂ ಇದಕ್ಕೆ ಸೇರಿದೆ. ಹಾಗಿದ್ದರೂ ಒಂದು ಮಾತು ನಿಲ್ಲುತ್ತದೆ: ಯಂತ್ರ ದುಬಾರಿಯಾದಷ್ಟೂ ಆಟವನ್ನು ಮರುಮಾರುವ ಹಕ್ಕು ಬಡ ಆಟಗಾರನಿಗೆ ಹೆಚ್ಚು ಬೇಕಾಗುತ್ತದೆ. ಅವನಿಂದ ಕಿತ್ತುಕೊಂಡದ್ದು ಅದನ್ನೇ.

ಅಂಗಡಿಗಳ ನಡುವಿನ ಪೈಪೋಟಿಯೂ ಹೋಯಿತು. ಡಿಸ್ಕಾದರೆ ನಾಲ್ಕು ಕಡೆ ಚೌಕಾಸಿ ಮಾಡಬಹುದು, ಓಎಲ್‌ಎಕ್ಸ್‌ನಲ್ಲಿ ಹುಡುಕಬಹುದು. ಡಿಜಿಟಲ್ ಕನ್ಸೋಲಿಗೆ ಇರುವುದು ಯಂತ್ರ ಮಾಡಿದವನದೇ ಒಂದು ಅಂಗಡಿ. ಮೊದಲೆಲ್ಲ ಡೌನ್‌ಲೋಡ್ ಕೋಡುಗಳನ್ನು ಬೇರೆ ಮಳಿಗೆಗಳೂ ಮಾರುತ್ತಿದ್ದವು. ಪೂರ್ಣ ಗೇಮುಗಳ ಕೋಡನ್ನು ಸೋನಿ 2019ರ ಏಪ್ರಿಲ್‌ನಿಂದ ನಿಲ್ಲಿಸಿತು.

ಡಿಜಿಟಲ್ ಮಳಿಗೆಯಲ್ಲಿ ಹಬ್ಬದ ಸೇಲ್ ಬರುತ್ತದೆ, ಹಳೆಯ ಆಟ ಸಾವಿರ ರೂಪಾಯಿಯೊಳಗೆ ಸಿಗುತ್ತದೆ ಎಂಬುದು ನಿಜ. ಹತ್ತಿರದಲ್ಲಿ ಗೇಮ್ ಅಂಗಡಿಯೇ ಇಲ್ಲದ ಊರಿನ ಹುಡುಗನಿಗೆ ಅದು ದೊಡ್ಡ ಉಪಕಾರ. ಆದರೆ ಅದೇ ಊರಿನಲ್ಲಿ ಮೊಬೈಲ್ ಡೇಟಾ ನಂಬಿ ಕೂತವನನ್ನೂ ಕೇಳಿ. ಈಗಿನ ದೊಡ್ಡ ಆಟ ನೂರು ಜಿಬಿ ದಾಟುತ್ತದೆ. ದಿನಕ್ಕೆ ಎರಡು ಜಿಬಿ ಸಿಗುವ ರೀಚಾರ್ಜಿನಲ್ಲಿ ಅದು ಇಳಿಯಲು ಐವತ್ತು ದಿನ ಬೇಕು. ಸೇಲಿನ ಬೆಲೆ ಯಾವಾಗ, ಎಷ್ಟು, ಎಷ್ಟು ದಿನ ಎಂಬುದೆಲ್ಲ ಕಂಪನಿಯ ಮರ್ಜಿ. ಸೆಕೆಂಡ್ ಹ್ಯಾಂಡ್ ಡಿಸ್ಕಿನ ಬೆಲೆಯನ್ನು ಕೊಳ್ಳುವವನೂ ಮಾರುವವನೂ ಕೂತು ನಿರ್ಧರಿಸುತ್ತಾರೆ.

"ಗೇಮ್ ಯಾವತ್ತೂ ನಿಮ್ಮದಾಗಿರಲಿಲ್ಲ, ಡಿಸ್ಕಿನ ಮೇಲೂ ಲೈಸೆನ್ಸ್ ಅಂತಲೇ ಬರೆದಿತ್ತು" ಎಂದು ವಾದಿಸುವ ಜಾಣರಿದ್ದಾರೆ. ನಮ್ಮ ನ್ಯಾಯಾಲಯಗಳು ಈ ವಿಷಯವನ್ನು ತೆರಿಗೆಯ ಸಂದರ್ಭದಲ್ಲಿ ಚೆನ್ನಾಗಿ ಶೋಧಿಸಿವೆ. ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಮತ್ತು ಆಂಧ್ರಪ್ರದೇಶ ಸರ್ಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ, ಡಿಸ್ಕಿನಲ್ಲಿ ಮಾರುವ ಸಿದ್ಧ ಸಾಫ್ಟ್‌ವೇರ್ ಒಂದು ಸರಕು, ಅದಕ್ಕೆ ಮಾರಾಟ ತೆರಿಗೆ ಉಂಟು ಎಂದಿತು. ಮುಂದೆ ವಿದೇಶಿ ಸಾಫ್ಟ್‌ವೇರಿಗೆ ತೆತ್ತ ಹಣ ರಾಯಲ್ಟಿ ಎಂದು ಕರ್ನಾಟಕ ಹೈಕೋರ್ಟ್ 2011ರ ಸ್ಯಾಮ್‌ಸಂಗ್ ಪ್ರಕರಣದಲ್ಲಿ ಹೇಳಿದ್ದನ್ನು, 2021ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಒಪ್ಪಂದದಲ್ಲಿ ಲೈಸೆನ್ಸ್ ಎಂಬ ಪದವಿದ್ದ ಮಾತ್ರಕ್ಕೆ ಆಗಲಿಲ್ಲ, ನಡೆದದ್ದು ಸಾಫ್ಟ್‌ವೇರ್ ಅಡಕವಾದ ವಸ್ತುವಿನ ಮಾರಾಟವೇ ಎಂಬುದು ಅಲ್ಲಿನ ತಿರುಳು. ಡಿಸ್ಕು ಸರಕು, ಕೊಂಡವನು ಮಾರಬಹುದು. ಡೌನ್‌ಲೋಡ್ ಮಾಡಿದವನಿಗೆ ಗೇಮುಗಳ ವಿಷಯದಲ್ಲಿ ಆ ನೆಲೆ ಎಲ್ಲಿಯೂ ಗಟ್ಟಿಯಾಗಿ ಸಿಕ್ಕಿಲ್ಲ. ಫ್ರಾನ್ಸಿನಲ್ಲಿ ಗ್ರಾಹಕ ಸಂಘವೊಂದು ಸ್ಟೀಮ್ ಮಳಿಗೆಯ ಒಡೆಯ ವಾಲ್ವ್ ವಿರುದ್ಧ ಹೋರಾಡಿ, ಡಿಜಿಟಲ್ ಗೇಮನ್ನೂ ಮರುಮಾರಬಹುದು ಎಂಬ ತೀರ್ಪನ್ನು 2019ರಲ್ಲಿ ಪಡೆದಿತ್ತು. ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು.

ಮಾರುವ ಮಾತು ಹಾಗಿರಲಿ, ಇಟ್ಟುಕೊಳ್ಳುವ ಭರವಸೆಯೂ ಇಲ್ಲ. ಯೂಬಿಸಾಫ್ಟ್ ಕಂಪನಿಯ ದಿ ಕ್ರೂ ಎಂಬ ಕಾರ್ ಓಟದ ಆಟ 2014ರಲ್ಲಿ ಬಂತು. 2024ರ ಮಾರ್ಚ್ 31ಕ್ಕೆ ಅದರ ಸರ್ವರ್ ನಿಲ್ಲಿಸಿದರು. ಒಬ್ಬನೇ ಆಡಲೂ ಸರ್ವರ್ ಬೇಕಿದ್ದ ಆಟವಾದ್ದರಿಂದ ಅಲ್ಲಿಗೆ ಎಲ್ಲವೂ ಮುಗಿಯಿತು. ಕೆಲವೇ ದಿನಗಳಲ್ಲಿ ಕೊಂಡವರ ಲೈಸೆನ್ಸುಗಳನ್ನೂ ವಾಪಸು ಪಡೆದರು. ಡಿಸ್ಕಿದ್ದವರಿಗೂ ಉಳಿದದ್ದು ಬರೀ ಪ್ಲಾಸ್ಟಿಕ್. ಡಿಸ್ಕ್ ಇದ್ದರೆ ಎಲ್ಲ ಸರಿ ಎಂದು ನಾನು ಹೇಳಲಾರೆ ಎಂಬುದಕ್ಕೆ ಇದೇ ಕಾರಣ. 2022ರ ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2ರ ಪ್ಲೇಸ್ಟೇಷನ್ ಡಿಸ್ಕಿನಲ್ಲಿ ಇದ್ದದ್ದು ಸುಮಾರು 70 ಎಂಬಿ, ಮಿಕ್ಕದ್ದೆಲ್ಲ ಡೌನ್‌ಲೋಡ್. ನಿಂಟೆಂಡೊ 2025ರ ಜೂನ್‌ನಲ್ಲಿ ತಂದ ಸ್ವಿಚ್ 2 ಯಂತ್ರಕ್ಕೆ ಗೇಮ್ ಕೀ ಕಾರ್ಡ್ ಎಂಬುದೊಂದಿದೆ. ಕಾರ್ಡಿನೊಳಗೆ ಆಟವಿಲ್ಲ, ಡೌನ್‌ಲೋಡಿಗೆ ಬೇಕಾದ ಬೀಗದ ಕೈ ಮಾತ್ರ. ಆದರೂ ಆ ಕಾರ್ಡನ್ನು ಇನ್ನೊಬ್ಬರಿಗೆ ಕೊಡಬಹುದು, ಮಾರಬಹುದು. ಇಡೀ ಆಟ ಇಲ್ಲದಿದ್ದರೂ ಹಕ್ಕಿನ ಒಂದು ತುಂಡು ಕೈಯಲ್ಲಿದೆ. ಡಿಜಿಟಲ್ ಖರೀದಿಯಲ್ಲಿ ಅಷ್ಟೂ ಇಲ್ಲ.

ದಿ ಕ್ರೂ ಸತ್ತ ಸಿಟ್ಟಿನಲ್ಲೇ ರಾಸ್ ಸ್ಕಾಟ್ ಎಂಬ ಅಮೆರಿಕನ್ ಯೂಟ್ಯೂಬರ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಆರಂಭಿಸಿದರು. ಅದರ ಭಾಗವಾಗಿ ಯುರೋಪಿಯನ್ ಒಕ್ಕೂಟಕ್ಕೆಂದು ಸಿದ್ಧವಾದ ನಾಗರಿಕರ ಮನವಿ 2025ರ ಜುಲೈನಲ್ಲಿ ಹತ್ತು ಲಕ್ಷ ಸಹಿ ದಾಟಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಜಾರಿಯಲ್ಲಿದೆ: ಹಿಂದೆ ಪಡೆಯಬಹುದಾದ ಲೈಸೆನ್ಸನ್ನು ಮಾರುವವರು ಅದನ್ನು ಸ್ಪಷ್ಟವಾಗಿ ತಿಳಿಸದೆ ಖರೀದಿ ಎಂಬ ಪದ ಬಳಸುವಂತಿಲ್ಲ.

ನಮ್ಮಲ್ಲಿಯೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು, ಆನ್‌ಲೈನ್ ಮಳಿಗೆಗಳು ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಮಾರಲಾಗದ, ಕೊಡಲಾಗದ, ಯಾವತ್ತು ಬೇಕಾದರೂ ಕಿತ್ತುಕೊಳ್ಳಬಹುದಾದ ವಸ್ತುವಿನ ಮೇಲೆ 'ಖರೀದಿಸಿ' ಎಂಬ ಗುಂಡಿ ಇಡುವುದನ್ನು ಹದಿನಾಲ್ಕನೆಯದಾಗಿ ಆ ಪಟ್ಟಿಗೆ ಸೇರಿಸಬೇಕು. ಗ್ರಾಹಕ ಸಂಘಟನೆಗಳು ಇದನ್ನು ಕೇಳಲಿ, ಆಟಗಾರರು ಪ್ರಾಧಿಕಾರಕ್ಕೆ ಬರೆಯಲಿ. ಅಲ್ಲಿಯವರೆಗೆ ಮಕ್ಕಳಿಗೆ ಕನ್ಸೋಲ್ ಕೊಡಿಸುವವರು ದಯವಿಟ್ಟು ಸ್ವಲ್ಪ ಹೆಚ್ಚು ಕೊಟ್ಟು ಡಿಸ್ಕ್ ಕಿಂಡಿ ಇರುವುದನ್ನೇ ಕೊಡಿಸಿ. ಈಗ ಆಗದಿದ್ದರೆ ಇನ್ನಾರು ತಿಂಗಳು ಕಾದು ಕೊಡಿಸಿ.