ಗೋದಲಿಯ ಕೂಸಿಗೆ ಮೈ ಇದೆಯೇ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳಾದರೂ ಕಥೋಲಿಕರ ಲೆಕ್ಕದಲ್ಲಿ 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದವು. ಇಲ್ಲಿ ಕ್ರೈಸ್ತರ ಮನೆಗಳು ಕಡಿಮೆ. ಹರಿಹರದ ಆರೋಗ್ಯಮಾತೆಯ ಸೆಪ್ಟೆಂಬರ್ ಹಬ್ಬಕ್ಕೆ ಎಲ್ಲ ಜಾತಿ ಮತದವರೂ ಹೋಗುವಂತೆ, ಕ್ರಿಸ್‌ಮಸ್ ಬಂತೆಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಲ್ಲಿ ತೋರಿಸುವ ಗೋದಲಿ ನೋಡಲು ಬೇರೆ ಮತದವರೂ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಪೂಜೆಯ ಹೊತ್ತಿನ ಪ್ರಬೋಧನೆಗೆ ಅವರು ಕಾಯುವುದಿಲ್ಲ. ದೇವರು ನಮ್ಮನ್ನು ಉಳಿಸಲು ಮನುಷ್ಯನಾದ ಎಂಬ ನಂಬಿಕೆ ಅವರಿಗೆ ತಲುಪಿದರೆ ಈ ಹುಲ್ಲು ಗುಡಿಸಲಿನಿಂದಲೇ ತಲುಪಬೇಕು. ಆದ್ದರಿಂದ ‘ಎಷ್ಟು ಚೆಂದ ಮಾಡಿದ್ದಾರೆ’ ಎಂದು ಹೇಳಿ ಮುಂದೆ ಹೋಗದೆ, ಇದು ಹೇಳಬೇಕಾದ್ದನ್ನು ಹೇಳುತ್ತಿದೆಯೇ ಎಂದು ಕೇಳುವುದು ನ್ಯಾಯ. ಹೇಳುತ್ತಿಲ್ಲ ಎಂಬುದು ನನ್ನ ತೀರ್ಮಾನ.

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಫ್ರಾನ್ಸಿಸ್ ಮಾಡಿಸಿದ ಗೋದಲಿಯಲ್ಲಿ ಇದ್ದದ್ದು ಮೇವಿನ ತೊಟ್ಟಿ, ಒಣಹುಲ್ಲು, ಜೀವಂತ ಎತ್ತು, ಕತ್ತೆ. ಅಲ್ಲೇ ಬಲಿಪೂಜೆ ನಡೆಯಿತು. ಬಡತನವನ್ನೂ ಚಳಿಯನ್ನೂ ಕಣ್ಣಾರೆ ಕಾಣಬೇಕೆಂಬುದು ಅವರ ಹಟ. ನಮ್ಮ ಕಡೆ ಅದಕ್ಕೆ ಬೇಕಾದ ಸಾಮಾನು ಕಾಲಬುಡದಲ್ಲೇ ಇದೆ: ಹೊನ್ನಾಳಿಯ ಭತ್ತದ ಹುಲ್ಲು, ಚನ್ನಗಿರಿಯ ಅಡಿಕೆ ಸೋಗೆ, ಜಗಳೂರಿನ ಜೋಳದ ದಂಟು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವಂತೂ ದನ ಕಾಯುತ್ತಿದ್ದ ಬಂಜಾರ ಸಂತ ಸೇವಾಲಾಲರ ಊರು; ಕೊಟ್ಟಿಗೆಗೂ ದೈವಕ್ಕೂ ನಂಟಿದೆ ಎಂದರೆ ಅಲ್ಲಿನ ತಾಂಡಾಗಳಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ರಾಗಿ ಮೊಳಕೆ ಬೆಳೆಸಿ ಹಸಿರು ಹಾಸುವ ಪದ್ಧತಿ ಇನ್ನೂ ಉಳಿದಿರುವುದು ಸಂತೋಷ. ಆದರೆ ಅದರ ಪಕ್ಕದಲ್ಲೇ ಹತ್ತಿಯ ಹಿಮ, ಪ್ಲಾಸ್ಟಿಕ್ಕಿನ ಹಿಮಸಾರಂಗ. (ಪ್ರಾಣಿಯೇ ಬೇಕಿದ್ದರೆ ಜಗಳೂರಿನ ರಂಗಯ್ಯನದುರ್ಗದ ಕಾಡಿನಲ್ಲಿ ನಾಲ್ಕು ಕೊಂಬಿನ ಕೊಂಡುಕುರಿಯೇ ಇದೆಯಲ್ಲ!)

ಹಿಮವನ್ನು ಕ್ಷಮಿಸಬಹುದು. ತಾಯಿ ಮಗುವಿನ ಗೊಂಬೆಗಳನ್ನು ಕ್ಷಮಿಸುವುದು ಕಷ್ಟ. ಲೂಕನ ಸುವಾರ್ತೆಯ ಪ್ರಕಾರ ಮರಿಯಮ್ಮ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದಳು. ನಮ್ಮ ಗೋದಲಿಯಲ್ಲಿ ಕೂಸು ಬರಿಮೈಯಲ್ಲಿ, ಕೈ ಚಾಚಿ, ಆರು ತಿಂಗಳ ಮಗುವಿನಂತೆ ನಗುತ್ತಿರುತ್ತದೆ. ಹೆತ್ತ ಮರುಗಳಿಗೆಯಲ್ಲೇ ತಾಯಿ ಮಂಡಿಯೂರಿ ಕೈಮುಗಿದಿರುತ್ತಾಳೆ. ಎಣ್ಣೆನೀರು ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಹಳೇ ಸೀರೆಯಲ್ಲಿ ಕೂಸನ್ನು ಬಿಗಿಯಾಗಿ ಸುತ್ತಿಡುವ ನಮ್ಮ ಅಜ್ಜಿಯರು ಇದನ್ನು ಕಂಡರೆ ಇವಳೆಂಥ ಬಾಣಂತಿ ಎಂದು ಕೇಳದೆ ಬಿಡುವುದಿಲ್ಲ. ಹಾಗೆಂದು ಈ ಭಂಗಿ ಸುವಾರ್ತೆಯದ್ದೂ ಅಲ್ಲ. ಸ್ವೀಡನ್ನಿನ ಸಂತ ಬ್ರಿಜಿಟ್ 14ನೇ ಶತಮಾನದಲ್ಲಿ ಕಂಡ ದರ್ಶನದಿಂದ ಇದು ಯುರೋಪಿನ ಚಿತ್ರಗಳಲ್ಲಿ ಹರಡಿತು; ಆ ದರ್ಶನದಲ್ಲಿ ಹೆರಿಗೆಗೆ ನೋವೇ ಇಲ್ಲ. ಅದಕ್ಕಿಂತ ಹಳೆಯ ಪೂರ್ವದೇಶದ ಚಿತ್ರಗಳಲ್ಲಿ ಮರಿಯಮ್ಮ ದಣಿದು ಮಲಗಿದ್ದಾಳೆ, ಸೂಲಗಿತ್ತಿಯರು ಕೂಸಿಗೆ ನೀರು ಹಾಕುತ್ತಿದ್ದಾರೆ. ಕೂಸಿಗೆ ಸುತ್ತಿದ ಬಟ್ಟೆ ಶವವಸ್ತ್ರದಂತೆಯೂ ತೊಟ್ಟಿ ಕಲ್ಲಿನ ಸಮಾಧಿಯಂತೆಯೂ ಕಾಣುತ್ತದೆ. ಹುಟ್ಟಿದವನು ಸಾಯಲಿಕ್ಕೂ ಬಂದವನು ಎಂದು ಆ ಚಿತ್ರಕಾರರು ಮರೆಮಾಚಲಿಲ್ಲ.

ಇದು ಬರೀ ಅಲಂಕಾರದ ಜಗಳವಲ್ಲ. ಕ್ರಿಸ್ತನ ದೇಹ ತೋರಿಕೆಯದು, ಅವನಿಗೆ ನಿಜವಾದ ನೋವಿರಲಿಲ್ಲ ಎಂದವರು ಮೊದಲ ಶತಮಾನಗಳಲ್ಲೇ ಇದ್ದರು. ಕ್ರೈಸ್ತ ಧರ್ಮಸಭೆ ಅದನ್ನು ಒಪ್ಪಲಿಲ್ಲ. 451ರ ಕಾಲ್ಸೆಡಾನ್ ಮಹಾಸಭೆ ಅವನು ಪೂರ್ತಿ ದೇವರು, ಪೂರ್ತಿ ಮನುಷ್ಯ ಎಂದು ಸಾರಿತು. ಕನ್ನಡದ ಓದುಗನಿಗೆ ಈ ವಾದ ಹೊಸದೇನಲ್ಲ. ಹೊನ್ನಾಳಿಯ ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವನೆನ್ನುವ ಅಲ್ಲಮನ ಬಗ್ಗೆ ನಮ್ಮ ಇಬ್ಬರು ಕವಿಗಳೇ ಹೀಗೆ ಬೇರೆಯಾಗಿದ್ದಾರೆ. ಹರಿಹರನ ರಗಳೆಯಲ್ಲಿ ಅಲ್ಲಮ ಕೈಲಾಸದಿಂದ ಬಂದವನಾದರೂ ಕಾಮಲತೆಯನ್ನು ಪ್ರೀತಿಸಿ, ಅವಳು ಸತ್ತಾಗ ಹುಚ್ಚನಂತೆ ಅಲೆಯುತ್ತಾನೆ. ಚಾಮರಸನ ‘ಪ್ರಭುಲಿಂಗಲೀಲೆ’ಗೆ ಇದು ಸಹಿಸಲಾಗದ ಮಾತು. ಅಲ್ಲಿ ಮಾಯೆ ಬೆನ್ನುಬಿದ್ದರೂ ಅಲ್ಲಮ ಕೈಗೆ ಸಿಗುವುದಿಲ್ಲ, ಬದುಕೆಲ್ಲ ಲೀಲೆ. ಚಾಮರಸನದು ಭಕ್ತನ ಎಚ್ಚರ, ಹರಿಹರನದು ಕವಿಯ ಧೈರ್ಯ. ಕ್ರೈಸ್ತ ನಂಬಿಕೆ ನಿಲ್ಲಬೇಕಾದದ್ದು ಹರಿಹರನ ಬದಿಯಲ್ಲಿ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಹರಿಹರನ ಅಲ್ಲಮ ಇಳಿದು ಬಂದದ್ದು ಶಾಪದಿಂದ, ಕ್ರಿಸ್ತ ತಾನಾಗಿ ಬಂದ. ಆದರೆ ನಮ್ಮ ಗೋದಲಿಗಳು, ತಮಗೇ ಗೊತ್ತಿಲ್ಲದೆ, ಚಾಮರಸನ ಪಕ್ಷ ಸೇರಿವೆ. ಅವುಗಳ ಕೂಸಿಗೆ ಚಳಿಯಿಲ್ಲ, ಹಸಿವಿಲ್ಲ, ಮೈಯೇ ಇಲ್ಲ.

ಮೈಲಿಗೆಯೂ ಇಲ್ಲ. ನಮ್ಮ ನೆಲದಲ್ಲಿ ಇದು ಎಲ್ಲಕ್ಕಿಂತ ದೊಡ್ಡ ಕೊರತೆ. ಚಿತ್ರದುರ್ಗ, ತುಮಕೂರಿನಿಂದ ಜಗಳೂರು ಸೀಮೆಯವರೆಗೆ ಹಬ್ಬಿರುವ ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನು ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ರೂಢಿ ಬೆಳೆದು ಬಂದಿದೆ. ಅದರ ವಿರುದ್ಧ ಆ ಸಮುದಾಯದ ಒಳಗೇ ದನಿ ಎದ್ದಿದೆ, ಆದರೂ ಪೂರ್ತಿ ನಿಂತಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ, ಮಳೆ ಚಳಿಯ ನಡುವೆ ತಾಯಿಯ ಜೊತೆ ಹೊರಗಿದ್ದ ಹಸುಗೂಸು ತೀರಿಕೊಂಡಿತು. ಮನೆಯೊಳಗೆ ಜಾಗ ಸಿಗದ ಹೆರಿಗೆ, ಊರಾಚೆ ಕುರಿ ಕಾಯುವವರ ರಾತ್ರಿ: ಲೂಕನ ಕತೆಯೂ ಇದೇ. ದೇವರು ಮನುಷ್ಯನಾದ ಎಂದರೆ ರಕ್ತ, ಮಾಸು, ಸೂತಕ ಎಲ್ಲ ಇರುವ ಆ ಗುಡಿಸಲೊಳಕ್ಕೆ ಬಂದ ಎಂದರ್ಥ. ನುಣುಪಾದ ಪ್ಲಾಸ್ಟರ್ ಗೊಂಬೆ ಈ ಮಾತನ್ನು ಆಡಲಾರದು.

ದೇವರು ನಮ್ಮನ್ನು ಉಳಿಸಲು ಮನುಷ್ಯನಾದ ಎಂಬ ಮಾತಿನ ‘ಉಳಿಸಲು’ ಎಂಬ ಭಾಗವಂತೂ ಗೋದಲಿಯಲ್ಲಿ ಹತ್ತಿರವೂ ಸುಳಿಯುವುದಿಲ್ಲ. ಒಬ್ಬರ ಸಾವಿನಿಂದ ಹಲವರು ಬದುಕುವ ಕತೆ ಕನ್ನಡಿಗರಿಗೆ ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯಿಂದ ಗೊತ್ತು. ಅದನ್ನು ಕೇಳಿದವರಿಗೆ ಕೆರೆಗೆ ಬಲಿಯಾದ ಸೊಸೆ ಭಾಗೀರಥಿಯ ಮೇಲೆ ಕನಿಕರ, ಅವಳನ್ನು ಕೊಟ್ಟ ಮಾವನ ಮೇಲೆ ಸಿಟ್ಟು. ಮಗನನ್ನು ಕೊಟ್ಟ ತಂದೆ ಎಂಬ ಕ್ರೈಸ್ತ ಮಾತಿಗೂ ಅದೇ ಸಿಟ್ಟು ಎದುರಾಗುತ್ತದೆ, ಆಗಲೂಬೇಕು. ಕೊಟ್ಟವನೂ ಕೊಡಲ್ಪಟ್ಟವನೂ ಒಬ್ಬನೇ, ಬೇರೆಯವರ ಮಗಳನ್ನಲ್ಲ, ದೇವರು ತನ್ನನ್ನೇ ಕೆರೆಗೆ ಕೊಟ್ಟುಕೊಂಡ ಎನ್ನುವುದು ಕ್ರೈಸ್ತರ ಉತ್ತರ. ಆ ಉತ್ತರ ನನಗೆ ಪೂರ್ತಿ ಒಪ್ಪಿತವಾಗದಿದ್ದರೂ ಅದರ ಎತ್ತರ ಕಾಣುತ್ತದೆ. ಹತ್ತಿಯ ಹಿಮದಲ್ಲಿ ಅದು ಕಾಣುವುದಿಲ್ಲ.

ಚರ್ಚುಗಳಲ್ಲಿ ಗೋದಲಿ ಸ್ಪರ್ಧೆ ನಡೆಸಿ ಬಹುಮಾನ ಕೊಡುವ ರೂಢಿಯಿದೆ. ದೀಪಕ್ಕೆ, ಜಲಪಾತಕ್ಕೆ, ಗಾತ್ರಕ್ಕೆ ಅಂಕ ಕೊಡುವ ಬದಲು ತಾಯಿಯನ್ನು ಚಾಪೆಯ ಮೇಲೆ ಮಲಗಿಸಿ, ಕೂಸನ್ನು ಹಳೇ ಸೀರೆಯಲ್ಲಿ ಸುತ್ತಿದವರಿಗೆ ಒಂದು ವರ್ಷ ಮೊದಲ ಬಹುಮಾನ ಕೊಟ್ಟು ನೋಡಬಹುದು. ಖರ್ಚಂತೂ ಕಡಿಮೆಯಾಗುತ್ತದೆ.