ನೂರಕ್ಕೆ ಎಷ್ಟು?

ಇಕ್ಯೂ-5ಡಿ ಪ್ರಶ್ನಾವಳಿ ತುಂಬಲು ಐದು ನಿಮಿಷ ಸಾಕು. ಓಡಾಟ, ಸ್ನಾನ-ಬಟ್ಟೆಯಂಥ ಸ್ವಂತ ಕೆಲಸ, ದಿನನಿತ್ಯದ ಚಟುವಟಿಕೆ, ನೋವು, ಆತಂಕ ಈ ಐದರಲ್ಲಿ ನಿಮಗೆಷ್ಟು ತೊಂದರೆ ಎಂದು ಅದು ಕೇಳುತ್ತದೆ. ಕೊನೆಗೆ ಥರ್ಮಾಮೀಟರಿನ ಹಾಗೆ ನೆಟ್ಟಗೆ ನಿಂತ ಒಂದು ಗೆರೆ. ತಳದ ಸೊನ್ನೆಯೆಂದರೆ ನೀವು ಊಹಿಸಬಲ್ಲ ಅತಿ ಕೆಟ್ಟ ಆರೋಗ್ಯ, ತುದಿಯ ನೂರೆಂದರೆ ಊಹಿಸಬಲ್ಲ ಅತ್ಯುತ್ತಮ ಆರೋಗ್ಯ. ಇವತ್ತು ಎಲ್ಲಿದ್ದೀರಿ, ಗುರುತು ಹಾಕಿ.

ಯುರೋಕ್ವಾಲ್ ಎಂಬ ಸಂಶೋಧಕರ ಗುಂಪು 1990ರಲ್ಲಿ ಮುಂದಿಟ್ಟ ಈ ಅಳತೆ, ಯಾವ ಚಿಕಿತ್ಸೆಗೆ ಸರ್ಕಾರ ಹಣ ಹಾಕಬೇಕು ಎಂಬ ಲೆಕ್ಕಾಚಾರದವರೆಗೂ ಬೆಳೆದಿದೆ. ಚಂಡೀಗಢದ ಪಿಜಿಐ ಸಂಶೋಧಕರ ನೇತೃತ್ವದಲ್ಲಿ ಸಿದ್ಧವಾದ ಭಾರತದ್ದೇ ಮೌಲ್ಯಪಟ್ಟಿ, ಅಂದರೆ ಯಾವ ಆರೋಗ್ಯಸ್ಥಿತಿಗೆ ಎಷ್ಟು ಬೆಲೆ ಎಂಬ ಪಟ್ಟಿ, 2022ರಲ್ಲಿ ಪ್ರಕಟವಾಯಿತು. ಜನ ಕಿಕ್ಕಿರಿದ ಓಪಿಡಿಯಲ್ಲೂ ಕೇಳಿ ಮುಗಿಸಬಹುದಾದಷ್ಟು ಚಿಕ್ಕದು ಎಂಬುದು ಇದರ ದೊಡ್ಡ ಗುಣ. ತೊಡಕಿರುವುದು ಆ ‘ಊಹಿಸಬಲ್ಲ’ದಲ್ಲಿ.

ಊಹೆ ಒಂದೇ ಕಡೆ ನಿಲ್ಲುವುದಿಲ್ಲ. ಬೆನ್ನುನೋವನ್ನೇ ದೊಡ್ಡ ಕಾಯಿಲೆಯೆಂದುಕೊಂಡಿದ್ದವರು ನಾಲ್ಕು ತಿಂಗಳು ಕೀಮೋ ತೆಗೆದುಕೊಂಡ ಮೇಲೆ ಸೊನ್ನೆ ಎಲ್ಲಿದೆಯೆಂಬ ಅವರ ಅಂದಾಜೇ ಕೆಳಗಿಳಿದಿರುತ್ತದೆ. ಸಂಕ್ರಾಂತಿಗೆ ಹಾಕಿದ ಅರವತ್ತು, ಯುಗಾದಿಗೆ ಹಾಕಿದ ಅರವತ್ತು ಎರಡೂ ಒಂದೇ ಅಲ್ಲ. ಸಂಶೋಧಕರಾದ ಮಿರ್ಜಮ್ ಸ್ಪ್ರಾಂಗರ್ಸ್ ಮತ್ತು ಕ್ಯಾರೊಲಿನ್ ಶ್ವಾರ್ಟ್ಜ್ 1999ರಲ್ಲಿ ಇದನ್ನು ಮೂರಾಗಿ ಬಿಡಿಸಿಟ್ಟರು: ಅಳೆಯುವ ಗೆರೆಯೇ ಸರಿಯುವುದು, ಯಾವುದು ಮುಖ್ಯವೆಂಬುದು ಅದಲು ಬದಲಾಗುವುದು, ಒಳ್ಳೆಯ ಬದುಕೆಂದರೇನು ಎಂಬ ಕಲ್ಪನೆಯೇ ಬೇರೆಯಾಗುವುದು. ಮೊದಲನೆಯದನ್ನು ಹಿಡಿಯಲು ಒಂದು ಉಪಾಯವಿದೆ. ಚಿಕಿತ್ಸೆ ಮುಗಿದ ಮೇಲೆ, ‘ಆಗ ನೀವು ಹೇಗಿದ್ದಿರಿ, ಈಗ ಯೋಚಿಸಿ ಹೇಳಿ’ ಎಂದು ಮತ್ತೆ ಕೇಳುವುದು. ನನಗಿದು ಅಷ್ಟು ಒಪ್ಪಿಗೆಯಾಗದು. ಗುಣವಾದವರಿಗೆ ಹಿಂದಿನದೆಲ್ಲ ಇದ್ದದ್ದಕ್ಕಿಂತ ಕೆಟ್ಟದಾಗಿ ನೆನಪಾಗುವ ಸಾಧ್ಯತೆ ಇದ್ದೇ ಇದೆ.

ಹಾಗಾದರೆ ಕಾಯಿಲೆ ಇಲ್ಲದವರನ್ನೇ ಕೇಳೋಣವೇ? ಮೌಲ್ಯಪಟ್ಟಿಗಳು ಮಾಡುವುದು ಅದನ್ನೇ. ಇಂಥ ಸ್ಥಿತಿಯಲ್ಲಿ ಹತ್ತು ವರ್ಷ ಬದುಕುವ ಬದಲು ಪೂರ್ಣ ಆರೋಗ್ಯದ ಎಷ್ಟು ವರ್ಷ ಸಿಕ್ಕರೆ ಸಾಕು ಎಂದು ಸಾಮಾನ್ಯ ಜನರನ್ನು ಕೇಳುತ್ತಾರೆ. ಅವರು ಹೇಳುವುದು ಭಯದ ಲೆಕ್ಕ. ಅಮೆರಿಕದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವ 49 ಜನರಿಗೂ ಅಷ್ಟೇ ಸಂಖ್ಯೆಯ ಆರೋಗ್ಯವಂತರಿಗೂ ಕೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರ್ ಕೊಟ್ಟು, ಒಂದು ವಾರ ಹೊತ್ತಲ್ಲದ ಹೊತ್ತಿನಲ್ಲಿ ‘ಈ ಕ್ಷಣ ಮನಸ್ಸು ಹೇಗಿದೆ’ ಎಂದು ಕೇಳಿದರು. ಎರಡು ಗುಂಪಿನ ಮನಸ್ಥಿತಿಯಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆರೋಗ್ಯವಂತರು ಮಾತ್ರ ರೋಗಿಗಳು ತೀರಾ ಕುಗ್ಗಿರುತ್ತಾರೆಂದೇ ಊಹಿಸಿದ್ದರು. ಇದನ್ನು ಓದಿದವರು ರೋಗಿಯ ಮಾತೇ ಅಂತಿಮ ಎಂದು ತೀರ್ಮಾನಿಸಿಬಿಡುವುದು ಸಹಜ.

ಆದರೆ ನಮ್ಮ ನೆಲದ ಪುರಾವೆ ಅಷ್ಟು ಸಲೀಸಲ್ಲ. ಬಂಗಾಳದ ಬರಗಾಲದ ಮರುವರ್ಷ, 1944ರಲ್ಲಿ, ಕಲ್ಕತ್ತದ ಬಳಿಯ ಸಿಂಗೂರಿನಲ್ಲಿ ನಡೆದ ಸಮೀಕ್ಷೆಯೊಂದನ್ನು ಅಮರ್ತ್ಯ ಸೇನ್ ಮತ್ತೆ ಮತ್ತೆ ಎತ್ತಿಕೊಳ್ಳುತ್ತಾರೆ. ಹೆಂಡತಿ ಸತ್ತ ಗಂಡಸರಲ್ಲಿ ಶೇ. 48.5ರಷ್ಟು ಮಂದಿ ಆರೋಗ್ಯ ಸರಿಯಿಲ್ಲ ಅಥವಾ ಅಷ್ಟಕ್ಕಷ್ಟೇ ಎಂದರು. ವಿಧವೆಯರಲ್ಲಿ ಹಾಗೆಂದವರು ಬರೀ ಶೇ. 2.5. ವಿಧವೆಯರೇನು ಗಟ್ಟಿಮುಟ್ಟಾಗಿದ್ದರೆಂದಲ್ಲ. ಮೈ ಚೆನ್ನಾಗಿರಬೇಕು ಎಂಬ ನಿರೀಕ್ಷೆಯನ್ನೇ ಅವರಿಗೆ ಯಾರೂ ಉಳಿಸಿರಲಿಲ್ಲ. ಬಿಹಾರಕ್ಕಿಂತ ಹೆಚ್ಚು ಕಾಲ ಬದುಕುವ ಕೇರಳದ ಜನ ಬಿಹಾರದವರಿಗಿಂತ ಹೆಚ್ಚು ಕಾಯಿಲೆ ಹೇಳಿಕೊಳ್ಳುತ್ತಾರೆ ಎಂಬುದನ್ನೂ ಸೇನ್ ಎತ್ತಿ ತೋರಿಸಿದರು.

ಸ್ಪ್ರಾಂಗರ್ಸ್–ಶ್ವಾರ್ಟ್ಜ್ ಮಾದರಿಯ ಕೊರತೆ ನನಗೆ ಕಾಣುವುದು ಇಲ್ಲಿಯೇ. ರೋಗದೊಡನೆ ಬದುಕು ಕಟ್ಟಿಕೊಂಡವರ ಹೊಂದಾಣಿಕೆಯನ್ನು ಅದು ಚೆನ್ನಾಗಿ ವಿವರಿಸುತ್ತದೆ. ಬೇರೆ ದಾರಿಯಿಲ್ಲದೆ ಹೊಂದಿಕೊಂಡವರನ್ನು ಅವರಿಂದ ಬೇರ್ಪಡಿಸಿ ನೋಡಲು ಕಲಿಸುವುದಿಲ್ಲ. ಗೆರೆಯ ಮೇಲೆ ಇಬ್ಬರೂ ಎಪ್ಪತ್ತೇ. ಆ ಎಪ್ಪತ್ತನ್ನು ಬಿಡಿಸಬೇಕಾದರೆ ಗೆರೆಯಿಂದಾಚೆಗಿನ ಸಂಗತಿಗಳು ಬೇಕು: ಹಿಮೋಗ್ಲೋಬಿನ್ ಎಷ್ಟು, ಆಸ್ಪತ್ರೆ ಎಷ್ಟು ದೂರ, ಜೊತೆಗೆ ಯಾರು ಬರುತ್ತಾರೆ, ಕೂಲಿ ಎಷ್ಟು ದಿನ ತಪ್ಪಿತು.

ಜಿಲ್ಲಾಸ್ಪತ್ರೆಗಳಿಗೆ ಡಯಾಲಿಸಿಸ್ ತಲುಪಿಸುವ ರಾಷ್ಟ್ರೀಯ ಯೋಜನೆ 2016ರಲ್ಲಿ ಶುರುವಾಯಿತು. ಆದರೂ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ ಆಗಬೇಕಾದದ್ದು ನಮ್ಮಲ್ಲಿ ಅನೇಕರಿಗೆ ಎರಡೇ ಸಲ ಆಗುತ್ತಿದೆ. ಅಂಥವರೊಬ್ಬರು ಎಪ್ಪತ್ತೆಂದು ಗುರುತು ಹಾಕಿದರೆ ನಾನು ಅವರನ್ನು ನಂಬುತ್ತೇನೆ. ವರದಿ ಬರೆಯುವವರು ಆ ಎಪ್ಪತ್ತರ ಪಕ್ಕದಲ್ಲೇ, ಸಿಗದೆ ಹೋದ ಮೂರನೆಯ ಸಲವನ್ನೂ ದಾಖಲಿಸಲಿ.